ಐದನೆಯ ಕುರ್ಚಿ

ಮಿಲ್ಪಿಟಾಸ್
14 ಜನವರಿ 2024

ಮೇಷ್ಟ್ರಿಗೂ ಗೌರಮ್ಮನವರಿಗೂ ನಿಸರ್ಗಾಳ ನಮಸ್ಕಾರ.

ನಾಳೆ ಸಂಕ್ರಾಂತಿ. ಇಲ್ಲಿ ಸಕ್ಕರೆ ಅಚ್ಚು ಸಿಗಲಿಲ್ಲ, ಬರೀ ಎಳ್ಳು ಬೀರುತ್ತೇವೆ. ನಾನು ಬಂದು ಎರಡು ವರ್ಷ ಆಗುತ್ತಾ ಬಂತು. ಇಷ್ಟು ದಿನ ಒಂದು ಕಾಗದವನ್ನೂ ಬರೆಯಲಿಲ್ಲ. ಫೋನಿನಲ್ಲಿ ನನಗೆ ಬಾಯಿ ಕಟ್ಟುತ್ತದೆ, ನಿಮಗೆ ಗೊತ್ತು. ಕಾಗದದಲ್ಲಿ ಯಾಕೆ ಕಟ್ಟಿತು ಅಂತ ಕೇಳಬೇಡಿ.

ಬರೆಯಲು ಒಂದು ಕಾರಣ ಸಿಕ್ಕಿದೆ. ಇಲ್ಲಿ ಬೇಡದ ಸಾಮಾನನ್ನು ಜನ ಮನೆ ಮುಂದೆ ಇಟ್ಟು "ಫ್ರೀ" ಅಂತ ಚೀಟಿ ಅಂಟಿಸುತ್ತಾರೆ. ಹಾಗೆ ಇಟ್ಟಿದ್ದ ಒಂದು ಕುರ್ಚಿಯನ್ನು ಹೊತ್ತು ತಂದೆ. ಬೆತ್ತ ಹರಿದಿತ್ತು. "ಮನೇಲಿ ಕಾಲಿಡೋಕೆ ಜಾಗ ಇಲ್ಲ, ಇವಳು ಬೀದಿ ಕುರ್ಚಿ ತರ್ತಾಳೆ" ಅಂತ ನನ್ನ ಗಂಡ ಲೋಹಿತ್ ರೇಗಿಸಿದ. ಬೆತ್ತ ತರಿಸಿ ಹೆಣೆದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ನಿಮ್ಮ ಜಗಲಿಗೆ ಬಂದವಳಿಗೆ ನೀವು ಕೈ ಹಿಡಿದು ಕಲಿಸಿದ ಕೆಲಸ, ಕೈ ಮರೆತಿರಲಿಲ್ಲ.

ಅದನ್ನು ನಮ್ಮ ಪಕ್ಕದ ಸಾಲಿನ ರಂಜನಿ ಮೇಡಂ ನೋಡಿದರು. ಬೆಂಗಳೂರಿನವರು. ದೊಡ್ಡ ಮನೆಗಳ ಒಳಗೆ ಏನು ಎಲ್ಲಿರಬೇಕು, ಗೋಡೆಗೆ ಯಾವ ಬಣ್ಣ ಅಂತ ಹೇಳುವುದು ಅವರ ಕೆಲಸ. "ಅಯ್ಯೋ ನಿಸರ್ಗಾ, ನೀನು ಇಷ್ಟು ದಿನ ಎಲ್ಲಿದ್ದೆ? ನಾನು ಇಡೀ ಬೇ ಏರಿಯಾ ಹುಡುಕ್ತಿದೀನಿ!" ಅಂದರು. ಸರಟೋಗಾದಲ್ಲಿ ರಮಾ ಅನ್ನುವ ಡಾಕ್ಟರು ಈಜಿಪ್ಟ್ ನೋಡಿ ಬಂದಿದ್ದಾರಂತೆ. ಊಟದ ಮನೆಯನ್ನು ಆ ಕಾಲದ ಹಾಗೆ ಮಾಡಿಸಬೇಕಂತೆ. ಆರು ಕುರ್ಚಿ. ಮರದ ಕೆಲಸ ಇಲ್ಲಿನ ಬಡಗಿಯದು, ಹೆಣಿಗೆ ನನ್ನದು.

ಅವರು ಕೊಟ್ಟ ಪುಸ್ತಕದಲ್ಲಿ ಮೂರು ಸಾವಿರದ ಚಿಲ್ಲರೆ ವರ್ಷದ ಹಿಂದಿನ ಕುರ್ಚಿಯ ಫೋಟೋ ಇದೆ ಮೇಷ್ಟ್ರೇ. ಚೌಕಟ್ಟಿನ ಸುತ್ತ ತೂತು. ಉದ್ದ, ಅಡ್ಡ, ಓರೆ. ನಮ್ಮ ಹೆಣಿಗೆಯಂತೆಯೇ ಕಾಣುತ್ತದೆ. ಬೆತ್ತದ ಬದಲು ಹುರಿ, ಅಷ್ಟೇ. ನಾನು ಹೆಣೆಯಬೇಕಾದದ್ದು ಬೆತ್ತದಲ್ಲೇ. ಆದರೆ ಇದರ ಚೌಕಟ್ಟು ನಡುವೆ ತಗ್ಗು, ತಟ್ಟೆಯ ಹಾಗೆ. ನಡುವಿನ ಎಳೆಗಳು ಜೋಲದ ಹಾಗೆ ಹೇಗೆ ಎಳೆಯಬೇಕು? ನಿಮ್ಮನ್ನಲ್ಲದೆ ಯಾರನ್ನು ಕೇಳಲಿ?

ಗೌರಮ್ಮನವರೇ, ನಿಧಾನಕ್ಕೆ ಓದಿ ಹೇಳಿ. ನನ್ನ ಅಕ್ಷರ ಹಾಗೇ ಇದೆ, ಕೋಳಿ ಕೆದರಿದ್ದು.

ನಿಮ್ಮ ಹುಡುಗಿ,
ನಿಸರ್ಗಾ


ಮೈಸೂರು
11 ಫೆಬ್ರವರಿ 2024

ಚಿರಂಜೀವಿ ನಿಸರ್ಗಾಳಿಗೆ ಸಿದ್ರಾಮಪ್ಪ ಹೇಳಿ ಗೌರಮ್ಮನ ಕೈಲಿ ಬರೆಸಿದ್ದು.

ಕಾಗದ ಬಂದ ದಿನ ಇವಳು ಮೂರು ಸಲ ಓದಿದಳು. ಮೂರನೇ ಸಲ ನನಗಲ್ಲ, ಪಕ್ಕದ ಮನೆಯವರಿಗೆ.

ತಗ್ಗಿನ ಚೌಕಟ್ಟು ಅಂದರೆ ನಡುವಿನ ತೂತಿನಿಂದ ಶುರು ಮಾಡು ಮಗಾ, ಆಮೇಲೆ ಎರಡೂ ಪಕ್ಕಕ್ಕೆ ಹೋಗು. ಮೊದಲ ಉದ್ದ ಎಳೆ ಬಿಗಿ ಬೇಡ, ಬೆರಳು ಇಟ್ಟರೆ ಬಗ್ಗಬೇಕು. ಓರೆ ಬಂದಾಗ ತಾನೇ ಬಿಗಿಯುತ್ತದೆ. ಮೊದಲೇ ಬಿಗಿದರೆ ಕೊನೆಗೆ ಎಳೆ ಹೋಗಲು ದಾರಿ ಇರುವುದಿಲ್ಲ.

ಆ ಕುರ್ಚಿಯ ಕಾಲು ಹೇಗಿವೆ? ಚಿಕ್ಕಂದಿನಲ್ಲಿ ಹುಲಿಪಾದದ ಕುರ್ಚಿಗೆ ಹೆಣೆದಿದ್ದೇನೆ, ದೊಡ್ಡ ಮನೆಗಳಿಂದ ಬರುತ್ತಿದ್ದವು. ಇವೂ ಹಾಗೆಯೋ? ಪಾದ ಯಾವ ಕಡೆ ಮುಖ ಮಾಡಿವೆ? ಸರಿಯಾಗಿ ನೋಡಿ ಬರಿ. ಕೆಲಸದಲ್ಲಿದ್ದ ಜನರ ಚಿತ್ರ ಏನಾದರೂ ಇದೆಯೋ? ನಮ್ಮಂಥವರು ಯಾರಾದರೂ ಇದ್ದಾರೋ?

ನಾನು ಈಗ ಹೆಣೆಯುತ್ತಿಲ್ಲ. ಬೆರಳು ಮೊದಲಿನ ಹಾಗಿಲ್ಲ.

ಆಶೀರ್ವಾದ,
ಸಿದ್ರಾಮಪ್ಪ

ಇದು ನಾನು, ಗೌರಮ್ಮ. ಅವರು ಹೊರಗೆ ಕೂತಿದ್ದಾರೆ, ಅವರಿಗೆ ಗೊತ್ತಿಲ್ಲದೆ ಬರೀತಿದೀನಿ. ನೀನು ಹೋದ ಮೇಲೆ ನಡೆದದ್ದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನೀನಿದ್ದಾಗ ವಾಚನಾಲಯಕ್ಕೆ ಕಳಿಸಿದ ಆರು ಕುರ್ಚಿಲಿ ಎರಡು ನಾಲ್ಕೇ ತಿಂಗಳಿಗೆ ಹರಿದು ಹೋದವು. ಅಲ್ಲಿಗೆ ಪೇಪರ್ ಓದೋಕೆ ಬಂದಿದ್ದ ಯಜಮಾನರು ಒಬ್ಬರು ಬಿದ್ದು ಮಣಿಕಟ್ಟು ಮುರಕೊಂಡರು. "ಕಣ್ಣಿಲ್ಲದವರ ಕೈಲಿ ಮಾಡಿಸಿದರೆ ಇನ್ನೇನಾಗುತ್ತೆ" ಅಂದರಂತೆ ಅಲ್ಲಿನೋರು. ಉಳಿದ ಕುರ್ಚಿ ಕೆಲಸನೂ ನಿಂತೋಯ್ತು, ಪ್ಲಾಸ್ಟಿಕ್ಕು ತಂದರು. ನಾನು ಹೋಗಿ ಜಗಳ ಆಡಿ ಬಂದೆ. ನಮ್ಮೋರ ಕೈ ಸವರಿದ ಕುರ್ಚಿ ಹರಿಯೋದಿಲ್ಲ ಅಂದೆ. ಇವರು ಮಾತ್ರ ಒಂದೇ ಮಾತು: "ನನ್ನ ಬೆರಳು ಹೋದವು ಗೌರಿ." ಅವತ್ತಿನಿಂದ ಬೆತ್ತ ಮುಟ್ಟಿಲ್ಲ. ದಿನವೆಲ್ಲ ಬಾಗಿಲ ಹತ್ತಿರ ಕೂತಿರ್ತಾರೆ. ಸಕ್ಕರೆ ಕಾಯಿಲೆಗೆ ಬೆರಳು ಜೋಮು ಹಿಡಿಯುತ್ತೆ ಅಂತಾರಲ್ಲ, ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲ ಅಂದರು.

ನೀನು ಅವರ ಹತ್ತಿರ ಇದ್ದೋಳು. ಏನಾದರೂ ಧೈರ್ಯದ ಮಾತು ಬರಿ.

ಗೌರಮ್ಮ


ಮಿಲ್ಪಿಟಾಸ್
27 ಫೆಬ್ರವರಿ 2024
(ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ)

ಮೇಷ್ಟ್ರೇ,

ನಿಮ್ಮ ಬೆರಳು ಹೋಗಿಲ್ಲ. ಅದು ನನಗೊಬ್ಬಳಿಗೇ ಗೊತ್ತು.

ಮಾಡಿದ ಕುರ್ಚಿಯನ್ನೆಲ್ಲ ನಿಮ್ಮ ಮುಂದೆ ತಂದು ಇಡುವುದು ಪದ್ಧತಿ. ನೀವು ಅಂಗೈಯನ್ನು ಹೆಣಿಗೆಯ ಮೇಲೆ ಒಂದು ಸುತ್ತು ಆಡಿಸಿ, ಚೌಕಟ್ಟಿಗೆ ಎರಡು ಸಲ ತಟ್ಟಿ, ಮಗಳನ್ನು ಕಳಿಸುವ ಹಾಗೆ "ಹೋಗಿ ಬಾ" ಅನ್ನುತ್ತಿದ್ದಿರಿ. ಬಾ ಅಂದರೆ ಹದಿನೈದು ವರ್ಷದ ಮೇಲೆ, ಬೆತ್ತ ಸವೆದಾಗ ಬಾ ಅಂತ ಅರ್ಥ ಅಂತ ನಗುತ್ತಿದ್ದಿರಿ.

ಅವತ್ತು ನನಗೆ ಚೆನ್ನೈಗೆ ರೈಲು ಹಿಡಿಯಬೇಕಿತ್ತು, ಮರುದಿನ ವೀಸಾ ಇಂಟರ್‌ವ್ಯೂ. ನಾಲ್ಕು ಕುರ್ಚಿ ಸರಿಯಾಗಿದ್ದವು. ಕೊನೆಯ ಎರಡನ್ನು ಹಿಂದಿನ ದಿನ ಹೆಣೆದಿದ್ದೆ. ಕೈ ಇಲ್ಲಿತ್ತು, ಮನಸ್ಸು ಎಲ್ಲೋ. ಓರೆ ಎಳೆ ಉದ್ದದ ಜೋಡಿಯ ಕೆಳಗೆ ಜಾರಿ ಅಡ್ಡದ ಜೋಡಿಯ ಮೇಲೆ ಹಾಯಬೇಕು. ನಾನು ಅದಲುಬದಲು ಮಾಡಿದ್ದೆ, ಬೆಳಿಗ್ಗೆ ಸವರಿದಾಗ ತಿಳಿಯಿತು. ಕಣ್ಣಿಗೆ ಎರಡೂ ಒಂದೇ. ಅಂಗೈ ಆಡಿಸಿದರೆ ಮಾತ್ರ ತಡೆಯುತ್ತದೆ, ಬೆಕ್ಕಿನ ನಾಲಿಗೆಯ ಹಾಗೆ. ಎಳೆಗೆ ಎಳೆ ಉಜ್ಜಿ ಉಜ್ಜಿ ಬೇಗ ಹರಿಯುತ್ತದೆ ಅಂತ ಮೊದಲ ವಾರವೇ ಹೇಳಿಕೊಟ್ಟಿದ್ದಿರಿ. ನಿಮಗೆ ತೋರಿಸಿದರೆ ಕತ್ತರಿ ತಾ ಅನ್ನುತ್ತಿದ್ದಿರಿ. ರೈಲು ಹೋಗುತ್ತಿತ್ತು.

ನಾಲ್ಕು ಕುರ್ಚಿಗೆ ನೀವು ಕೈಯಾಡಿಸಿದಿರಿ. ಆಮೇಲೆ ಮೊದಲನೆಯದನ್ನೇ ಮತ್ತೆ ತಂದಿಟ್ಟು "ಐದನೆಯದು ಮೇಷ್ಟ್ರೇ" ಅಂದೆ. ಎರಡನೆಯದನ್ನು ತಂದಿಟ್ಟು "ಆರನೆಯದು" ಅಂದೆ. ಎರಡಕ್ಕೂ "ಹೋಗಿ ಬಾ" ಅಂದಿರಿ. ಕೆಟ್ಟ ಎರಡು ನಿಮ್ಮ ಹಿಂದಿನಿಂದಲೇ ಆಟೋ ಹತ್ತಿದವು.

ಕಣ್ಣು ಕಾಣದವರ ಮುಂದೆ ಹಾಗೆ ಮಾಡುವುದು ಕಷ್ಟವಿರುತ್ತದೆ ಅಂದುಕೊಂಡಿದ್ದೆ. ಬಹಳ ಸುಲಭವಾಗಿತ್ತು. ಈಗ ಅದೇ ಚುಚ್ಚುತ್ತದೆ.

ಇದನ್ನು ನಿಮಗೆ ಓದಿ ಹೇಳಬೇಕಾದವರು ಗೌರಮ್ಮನವರು. ವೀಸಾಕ್ಕೆ ಹೊರಟ ದಿನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದವರು. ಅವರ ಬಾಯಿಂದ ಈ ಸಾಲು ಬರುವುದನ್ನು ನೆನೆದರೆ


ಮಿಲ್ಪಿಟಾಸ್
29 ಫೆಬ್ರವರಿ 2024

ಮೇಷ್ಟ್ರಿಗೂ ಗೌರಮ್ಮನವರಿಗೂ ನಮಸ್ಕಾರ.

ನಿಮ್ಮ ಕಾಗದ ಬಂತು. ನಡುವಿನ ತೂತಿನಿಂದ ಶುರು ಮಾಡುವ ಉಪಾಯವನ್ನು ಹಳೆಯ ಚೌಕಟ್ಟಿನ ಮೇಲೆ ಮಾಡಿ ನೋಡಿದೆ. ಜೋಲಲಿಲ್ಲ.

ಕಾಲಿನ ವಿಷಯ ಕೇಳಿದ್ದಿರಿ. ನೀವು ಕೇಳದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಸಿಂಹದ ಕಾಲುಗಳು ಮೇಷ್ಟ್ರೇ. ಆದರೆ ನೀವು ಮುಟ್ಟಿದ ಹುಲಿಪಾದದ ಹಾಗಲ್ಲ. ಇಲ್ಲಿನ ಫರ್ನಿಚರ್ ಶೋರೂಮುಗಳಲ್ಲೂ ಪಾದದ ಸೋಫಾ ಇವೆ, ಹೋಗಿ ಬಗ್ಗಿ ಬಗ್ಗಿ ನೋಡಿ ಬಂದೆ. ಸೇಲ್ಸ್ ಹುಡುಗಿ ಏನೋ ಕಳೆದುಕೊಂಡಿದ್ದೇನೆ ಅಂದುಕೊಂಡಳು. ಅವುಗಳಲ್ಲಿ ನಾಲ್ಕು ಪಾದವೂ ನಾಲ್ಕು ಮೂಲೆಗೆ ಮುಖ ಮಾಡಿವೆ, ನಾಲ್ಕೂ ಮುಂಗಾಲೇ. ಹಳೆಯ ಕುರ್ಚಿಯಲ್ಲಿ ಮುಂದಿನ ಎರಡು ಸಿಂಹದ ಮುಂಗಾಲು, ಹಿಂದಿನ ಎರಡು ಹಿಂಗಾಲು, ಮಂಡಿ ಹಿಂದಕ್ಕೆ ಬಾಗಿದೆ. ನಾಲ್ಕೂ ಒಂದೇ ಕಡೆಗೆ ನಡೆಯುತ್ತಿವೆ. ಪಾದದ ಕೆಳಗೆ ಪುಟ್ಟ ಮರದ ದಿಂಡು, ಪಾದ ನೆಲಕ್ಕೆ ತಾಗದ ಹಾಗೆ.

ರಂಜನಿ ಮೇಡಂ ನಕ್ಷೆಯಲ್ಲಿ ಶೋರೂಮಿನ ಹಾಗೇ ಬರೆದಿದ್ದರು. ಎರಡು ದಿನ ಹೇಳಲೋ ಬೇಡವೋ ಅಂತ ಒದ್ದಾಡಿ ಕೊನೆಗೆ ಬಾಯಿ ಬಿಟ್ಟೆ. ಫೋಟೋ ತೆಗೆದು ನೋಡಿ, "ಅಯ್ಯೋ, ಹೌದಲ್ವೇನೇ! ನನ್ನ ಡಿಗ್ರಿ ತಗೊಂಡೋಗಿ ಬೇಗೆ ಎಸೀಬೇಕು" ಅಂದರು. ಬೇ ಅಂದರೆ ಇಲ್ಲಿನ ಕೊಲ್ಲಿ. ಮರ ಇನ್ನೂ ಕೊಯ್ದಿರಲಿಲ್ಲ, ನಕ್ಷೆ ತಿದ್ದಿಸಿದರು. ಯಾರು ಹೇಳಿದ್ದು ಅಂತ ಕೇಳಿದರು. ನಮ್ಮ ಮೇಷ್ಟ್ರು ಕೇಳಿದ್ದು ಅಂದೆ.

ಸ್ಯಾನ್ ಹೋಸೆಯಲ್ಲಿ ಈಜಿಪ್ಟಿನ ಸಾಮಾನುಗಳ ಮ್ಯೂಸಿಯಂ ಇದೆ. ಭಾನುವಾರ ಲೋಹಿತ್ ಕರೆದುಕೊಂಡು ಹೋದ. ಆ ಜನ ದಿಂಬಿನ ಬದಲು ಮರದ ಮಣೆ ಇಟ್ಟುಕೊಂಡು ಮಲಗುತ್ತಿದ್ದರಂತೆ. ಮಡಚುವ ಸ್ಟೂಲು ಕೂಡ ಅವರ ಕಾಲದಲ್ಲೇ ಇತ್ತಂತೆ, ನೀವು ಕೂರುವ ಕತ್ತರಿಕಾಲಿನ ಸ್ಟೂಲಿನ ಹಾಗೆ.

ಕೆಲಸದವರ ಚಿತ್ರವೂ ಪುಸ್ತಕದಲ್ಲಿದೆ. ಗೋಡೆಯ ಮೇಲೆ ಬರೆದದ್ದು. ಒಬ್ಬ ಬಾಚಿಯಿಂದ ಮರ ಕೆತ್ತುತ್ತಿದ್ದಾನೆ. ಇನ್ನೊಬ್ಬ ಬಿಲ್ಲಿನ ಹಗ್ಗ ಸುತ್ತಿದ ಬೈರಿಗೆಯಿಂದ ಕುರ್ಚಿಯ ಚೌಕಟ್ಟಿಗೆ ತೂತು ಹಾಕುತ್ತಿದ್ದಾನೆ, ಹೆಣಿಗೆಗೆ. ನಿಮ್ಮಂಥವರು ಇದ್ದಾರೋ ಅಂತ ಕೇಳಿದ್ದಿರಿ. ಬೇರೆ ಪುಟದಲ್ಲಿ ಒಬ್ಬರಿದ್ದಾರೆ. ಕಣ್ಣು ಮುಚ್ಚಿದೆ, ದೊಡ್ಡ ತಂತಿವಾದ್ಯ ನುಡಿಸುತ್ತಿದ್ದಾರೆ.

ಗೌರಮ್ಮನವರೇ, ನೀವು ಬರೆದದ್ದನ್ನು ಓದಿದೆ. ಮೇಷ್ಟ್ರ ಬೆರಳಿಗೆ ಏನೂ ಆಗಿಲ್ಲ. ನನಗೆ ನಂಬಿಕೆ ಇದೆ.

ನಿಸರ್ಗಾ


ಮೈಸೂರು
26 ಮಾರ್ಚ್ 2024

ಚಿರಂಜೀವಿ ನಿಸರ್ಗಾಳಿಗೆ,

ಸಿಂಹದ ಕಾಲಿನ ಸಾಲನ್ನು ಇವಳ ಕೈಲಿ ಎರಡು ಸಲ ಓದಿಸಿದೆ. ಆಮೇಲೆ ನೆಲದ ಮೇಲೆ ಕೈಕಾಲು ಊರಿ ನಾನೇ ಸಿಂಹದ ಹಾಗೆ ನಿಂತು ನೋಡಿದೆ, ಹಿಂಗಾಲು ಹೇಗೆ ಬಾಗುತ್ತದೆ ಅಂತ. ಇವಳು ಹಾಲು ಉಕ್ಕಿಸಿದಳು ನಗುತ್ತಾ. ನಾಲ್ಕು ದಿಕ್ಕಿಗೆ ಪಾದ ತಿರುಗಿಸಿಕೊಂಡ ಕುರ್ಚಿಯ ಮೇಲೆ ಕೂತವನು ಎಲ್ಲಿಗೂ ಹೋಗುವುದಿಲ್ಲ ಮಗಾ. ಆ ಹಳೆಯ ಬಡಗಿಗೆ ತಿಳಿದಿತ್ತು. ಕೂತವನು ಕೂತಲ್ಲೇ ಮುಂದೆ ಹೋಗುತ್ತಿರಬೇಕು.

ಕಣ್ಣಿಲ್ಲದವನನ್ನು ಅಲ್ಲಿಯೂ ಹಾಡೋಕೇ ಕೂರಿಸಿದರೋ! ನನ್ನನ್ನೂ ಎಂಟು ವರ್ಷದವನಿದ್ದಾಗ ಭಜನೆಗೆ ಕೂರಿಸಿದ್ದರು. ನನ್ನ ಗಂಟಲು ಕೇಳಿ ಅವರೇ ಎಬ್ಬಿಸಿ ಬೆತ್ತಕ್ಕೆ ಕಳಿಸಿದರು. ಹುಡುಕು, ಇನ್ನೊಂದು ಪುಟದಲ್ಲಿ ಹೆಣೆಯುವವನೂ ಇರಬಹುದು. ಚಿತ್ರ ಬರೆಯುವವನಿಗೆ ಅವನ ಕೈ ಕಂಡಿರುತ್ತದೆ, ಕಣ್ಣು ನೋಡಿರುವುದಿಲ್ಲ.

ಒಂದು ಮಾತು ಕೇಳಬೇಕು. ಆ ದಿನ ಆರೂ ಕುರ್ಚಿಯನ್ನು ನನ್ನ ಮುಂದೆ ತಂದಿಟ್ಟವಳು ನೀನೇ. ನಿನ್ನ ಕಣ್ಣಿಗೆ ಏನಾದರೂ ಕಂಡಿತ್ತೋ? ಇದ್ದರೆ ಬರಿ. ಇಲ್ಲದಿದ್ದರೆ ಇಲ್ಲ ಅಂತ ಬರಿ.

ಆಶೀರ್ವಾದ,
ಸಿದ್ರಾಮಪ್ಪ

ಗೌರಮ್ಮ ಬರೆದದ್ದು: ಅವರ ಮುರುಕಲು ಸ್ಟೂಲನ್ನ ಗುಜರಿಗೆ ಹಾಕೋಣ ಅಂತಿದ್ದೆ. ಈಗ ಅದು ಈಜಿಪ್ಟಿನ ರಾಜರದಂತೆ, ಮುಟ್ಟಕೂಡದಂತೆ. ನೀನು ಕಾಗದ ಬರೆದ ಮೇಲೆ ಸ್ವಲ್ಪ ಮಾತಾಡ್ತಾರೆ. ಬೆತ್ತ ಮಾತ್ರ ಮುಟ್ಟಲ್ಲ. ಮೊನ್ನೆ ಒಂದು ಎಳೆ ಕೈಗೆ ಕೊಟ್ಟೆ, ಹಾವು ಕೊಟ್ಟ ಹಾಗೆ ಕೆಳಗೆ ಹಾಕಿದರು.


ಮಿಲ್ಪಿಟಾಸ್
21 ಏಪ್ರಿಲ್ 2024

ಗೌರಮ್ಮನವರೇ,

ಈ ಕಾಗದವನ್ನು ನೀವು ಮೇಷ್ಟ್ರಿಗೆ ಕೊನೆಯವರೆಗೂ ಓದಿ ಹೇಳಬೇಕು. ನಡುವೆ ನಿಲ್ಲಿಸಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಮೇಷ್ಟ್ರೇ, ಸರಟೋಗಾದ ಐದು ಕುರ್ಚಿ ಮುಗಿದಿದ್ದವು. ಆರನೆಯದರ ಕೆಲಸ ಶುಕ್ರವಾರ ಮುಗಿಯಿತು. ಶನಿವಾರ ಮಧ್ಯಾಹ್ನ ರಮಾ ಮೇಡಂ ಮನೆಯಲ್ಲಿ ಔತಣ. ಬೆಳಿಗ್ಗೆ ಅಲ್ಲೇ ಅವರ ಊಟದ ಮನೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟೆವು. ಆರು ಸಿಂಹಗಳೂ ಮೇಜಿನ ಕಡೆಗೆ ಹೊರಟ ಹಾಗೆ ಕಂಡವು. ನನಗೆ ಏನನ್ನಿಸಿತೋ, ಕಣ್ಣು ಮುಚ್ಚಿಕೊಂಡು ಒಂದೊಂದರ ಮೇಲೂ ಅಂಗೈ ಆಡಿಸಿದೆ, ನಿಮ್ಮ ಹಾಗೆ. ಐದರ ಮೇಲೆ ಕೈ ಜಾರಿತು. ಆರನೆಯದು ತಡೆಯಿತು. ಅದೇ ತಪ್ಪು. ಅದೇ ಕೈ.

"ಏನಾಯ್ತೇ?" ಅಂದರು ರಂಜನಿ ಮೇಡಂ.

"ಇದು ತಪ್ಪಾಗಿದೆ. ಬಿಚ್ಚಬೇಕು."

ಅವರು ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು. "ಎಲ್ಲಿ? ಎಲ್ಲಾ ಒಂದೇ ಥರ ಇದೆಯಲ್ಲೇ. ಮಧ್ಯಾಹ್ನ ಗೆಸ್ಟು ಬರ್ತಾರೆ ಕಣೇ. ಯಾರೂ ನೋಡಲ್ಲ, ಯಾರಿಗೂ ಗೊತ್ತಾಗಲ್ಲ."

"ಕೂತವರಿಗೆ ಗೊತ್ತಾಗುತ್ತೆ, ಈಗಲ್ಲ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ದಬ್ಬಳದ ಚೀಲದಿಂದ ಕತ್ತರಿ ತೆಗೆದು ನಡುವೆ ಹಾಕಿದೆ. ಬೆತ್ತ ಟಪಟಪ ಅಂತ ಬಿಟ್ಟುಕೊಂಡಿತು. ರಂಜನಿ ಮೇಡಂ ತಲೆ ಮೇಲೆ ಕೈ ಹೊತ್ತರು. ರಮಾ ಮೇಡಂ ಅಡುಗೆಮನೆಯಿಂದ ಬಂದು ತೂತಾದ ಕುರ್ಚಿ ನೋಡಿ, "ಹೋಗಲಿ ಬಿಡಿ ರಂಜನಿ. ಆಪರೇಷನ್ನಲ್ಲಿ ನನ್ನ ಕೈಲೂ ಹೊಲಿಗೆ ಸರಿಯಿಲ್ಲ ಅನ್ನಿಸಿದರೆ ಬಿಚ್ಚಿಯೇ ಮತ್ತೆ ಹಾಕೋದು. ಐದು ಕುರ್ಚಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಸೇರಿಸಿದ್ರಾಯ್ತು, ಅದರಲ್ಲಿ ನಮ್ಮೆಜಮಾನರನ್ನ ಕೂರಿಸ್ತೀನಿ" ಅಂದರು. ಎಲ್ಲರೂ ನಕ್ಕರು. ನನಗೆ ಪ್ಲಾಸ್ಟಿಕ್ ಕುರ್ಚಿ ಅಂದ ಕೂಡಲೇ ಅಳು ಬಂತು. ತಾವು ಬೈದದ್ದಕ್ಕೆ ಅಂದುಕೊಂಡು ರಂಜನಿ ಮೇಡಂ ನನ್ನನ್ನು ಸಮಾಧಾನ ಮಾಡಿದರು.

ಯಾರೂ ಬೈದಿರಲಿಲ್ಲ. ಇಲ್ಲಿ ತಪ್ಪು ಒಪ್ಪಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕಾಯಿತು. ಅಲ್ಲಿ ಎರಡು ವರ್ಷ ತೆಗೆದುಕೊಂಡೆ.

ನೀವು ಕೇಳಿದ್ದಿರಿ, ಕಂಡಿತ್ತೋ ಅಂತ. ಕಂಡಿತ್ತು ಮೇಷ್ಟ್ರೇ. ಫೆಬ್ರವರಿಯಲ್ಲಿ ಬರೆದು ಅಂಚೆಗೆ ಹಾಕದ ಕಾಗದವನ್ನು ಇದರ ಜೊತೆಗೆ ಇಟ್ಟಿದ್ದೇನೆ. ನಡೆದದ್ದೆಲ್ಲ ಅದರಲ್ಲಿದೆ. ಕೊನೆಯ ಸಾಲು ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸುವುದು ನನಗೆ ಇನ್ನೂ ಗೊತ್ತಾಗಿಲ್ಲ.

ಕ್ಷಮಿಸಿ ಅಂತ ಬರೆಯುವುದಿಲ್ಲ. ಕ್ಷಮಿಸಿದರೆ ನಾನು ಹಗುರಾಗುತ್ತೇನೆ, ಅಷ್ಟೇ. ನೀವು ಬೆತ್ತ ಮುಟ್ಟಬೇಕು. ನಿಮ್ಮ ಬೆರಳು ಯಾವತ್ತೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನಾನು. ವಾಚನಾಲಯದವರಿಗೂ ಇದನ್ನೇ ತೋರಿಸಿ. ನನ್ನ ಹೆಸರು ಹೇಳಿ.

ನಿಸರ್ಗಾ


ಮಿಲ್ಪಿಟಾಸ್
30 ಜೂನ್ 2024

ಗೌರಮ್ಮನವರಿಗೆ,

ಏಪ್ರಿಲ್‌ನಲ್ಲಿ ಹಾಕಿದ ಕಾಗದ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ದಿನವೂ ಅಂಚೆಯ ಗಾಡಿ ಹೋದ ಮೇಲೆ ಡಬ್ಬ ತೆಗೆದು ನೋಡುತ್ತೇನೆ. ಗ್ರಾಸರಿಯ ಜಾಹೀರಾತು ಬಿಟ್ಟು ಏನೂ ಇರುವುದಿಲ್ಲ. ಫೋನ್ ಮಾಡಲು ನಂಬರ್ ಒತ್ತಿ ನಾಲ್ಕು ಸಲ ಇಟ್ಟೆ.

ಕಾಗದ ಕಳೆದುಹೋಗಿದ್ದರೆ ಮತ್ತೆ ಬರೆಯುತ್ತೇನೆ. ತಲುಪಿದ್ದರೆ, ಮೇಷ್ಟ್ರಿಗೆ ಓದಿ ಹೇಳಿದಿರೋ ಅಂತ ಮಾತ್ರ ತಿಳಿಸಿ. ನನ್ನ ಜೊತೆ ಮಾತು ಬೇಡದಿದ್ದರೆ ಖಾಲಿ ಕಾರ್ಡಾದರೂ ಹಾಕಿ.

ಆರನೆಯ ಕುರ್ಚಿ ಮುಗಿಸಿ ಕೊಟ್ಟೆ. ರಂಜನಿ ಮೇಡಂ ಬೇರೆ ಕೆಲಸ ತಂದಿದ್ದಾರೆ. ಇನ್ನೂ ಒಪ್ಪಿಲ್ಲ.

ನಿಸರ್ಗಾ


ಮೈಸೂರು
2 ಆಗಸ್ಟ್ 2024

ನಿಸರ್ಗಾಳಿಗೆ ಗೌರಮ್ಮ ಬರೆಯೋದು.

ಏಪ್ರಿಲ್ ಕಾಗದ ಮೇ ತಿಂಗಳಲ್ಲೇ ಬಂತು. ಮೊದಲು ನಾನೊಬ್ಬಳೇ ಓದಿಕೊಂಡೆ. ಎರಡೂ ಕಾಗದ. ಓದಿ ರಾಗಿ ಡಬ್ಬದಲ್ಲಿ ಕೆಳಗೆ ಹುಗಿದಿಟ್ಟೆ. "ಅಮೆರಿಕಾದಿಂದ ಏನಾದರೂ ಬಂತಾ ಗೌರಿ" ಅಂತ ದಿನಾ ಕೇಳೋರು. "ಇಲ್ಲ" ಅನ್ನೋಳು. ನಿನ್ನ ಮೇಲೆ ಅಷ್ಟು ಸಿಟ್ಟು ಬಂದಿತ್ತು. ಈ ಮಗು ಇವರ ಕಣ್ಣು ಕಟ್ಟಿದಳಲ್ಲ, ನಾನು ಎಣ್ಣೆ ಹಚ್ಚಿದ ತಲೆಯಿಂದ ಇಂಥ ಬುದ್ಧಿ ಬಂತಲ್ಲ ಅಂತ. ಓದಿ ಹೇಳಿದರೆ ಅವರು ಒಡೆದು ಹೋಗ್ತಾರೆ ಅಂತಾನೂ ಹೆದರಿಕೆ. ಎರಡೂವರೆ ತಿಂಗಳು ಹಾಗೇ ಕಳೆದೆ. ರಾಗಿ ತೆಗೆಯೋಕೆ ಕೈ ಹಾಕಿದಾಗೆಲ್ಲ ಕಾಗದ ಸಿಗೋದು. ಆಮೇಲೆ ನಿನ್ನ ಜೂನ್ ಕಾಗದ ಬಂತು. ಆಗ ಗೊತ್ತಾಯ್ತು, ಕಣ್ಣಿಲ್ಲದವರಿಗೆ ಸುಳ್ಳು ಹೇಳಿದೋಳು ನೀನೊಬ್ಬಳೇ ಅಲ್ಲ.

ಹೋದ ಸೋಮವಾರ ಬೆಳಿಗ್ಗೆ ಮುಂದೆ ಕೂರಿಸಿಕೊಂಡು ಎಲ್ಲ ಓದಿದೆ. ನಿಲ್ಲಿಸಲಿಲ್ಲ. ಮುಗಿದ ಮೇಲೆ "ಬರೆದಳಲ್ಲ" ಅಂದರು, ಅಷ್ಟೇ. ಆಮೇಲೆ ಹೇಳಿದ್ದನ್ನ ಅವರ ಮಾತಲ್ಲೇ ಬರೀತೀನಿ, ನನ್ನದು ಒಂದಕ್ಷರ ಸೇರಿಸಲ್ಲ.

"ನಿಸರ್ಗಾ, ಮೊದಲನೆಯ ಕುರ್ಚಿಯ ಹಿಂದಿನ ಎಡಗಾಲಿನ ಹತ್ತಿರ ಚೌಕಟ್ಟಿನಲ್ಲಿ ಒಂದು ಗಂಟಿತ್ತು, ತೊಗರಿ ಬೇಳೆಯಷ್ಟು. ಬಡಗಿ ಉಜ್ಜದೆ ಬಿಟ್ಟದ್ದು. ನೀನು ಐದನೆಯದು ಅಂತ ತಂದಿಟ್ಟದ್ದಕ್ಕೆ ಕೈಯಿಟ್ಟಾಗ ಅದೇ ಗಂಟು ಸಿಕ್ಕಿತು. ನೀನು ಉಸಿರು ಬಿಗಿ ಹಿಡಿದಿದ್ದೆ, ಅದೂ ಕೇಳಿಸಿತು. ಉಳಿದ ಎರಡು ಎಲ್ಲಿ ಅಂತ ಕೇಳಬೇಕಿತ್ತು. ಕೇಳಿದರೆ ಬಿಚ್ಚಿಸಬೇಕು, ಬಿಚ್ಚಿಸಿದರೆ ರೈಲು ತಪ್ಪುತ್ತದೆ, ಹುಡುಗಿ ಜೀವಮಾನವೆಲ್ಲ ನನ್ನ ಜಗಲಿಯಲ್ಲೇ ಉಳಿಯುತ್ತಾಳೆ. ಎರಡು ಸಲ ತಟ್ಟಿ ಹೋಗಿ ಬಾ ಅಂದೆ. ಅದು ಕುರ್ಚಿಗಲ್ಲ ಮಗಾ, ನಿನಗೆ.

ಆಮೇಲೆ ಒಬ್ಬ ಮನುಷ್ಯ ಬಿದ್ದ. ನನ್ನ ಬೆರಳಿಗೆ ಗೊತ್ತಿತ್ತು, ಬಾಯಿ ಹೇಳಲಿಲ್ಲ. ಇನ್ನು ಯಾವ ಮುಖ ಇಟ್ಟುಕೊಂಡು ಕುರ್ಚಿಗೆ ಕೈಯಾಡಿಸಲಿ? ಅದಕ್ಕೇ ಬಿಟ್ಟೆ. ಗೌರಿಗೆ ಬೆರಳು ಹೋಯಿತು ಅಂತ ಸುಳ್ಳು ಹೇಳಿದೆ. ಅವಳು ನನ್ನ ಪರವಾಗಿ ಹೋಗಿ ಜಗಳವಾಡಿ ಬಂದಾಗಲೂ ಸುಮ್ಮನಿದ್ದೆ. ನಿನ್ನ ತಪ್ಪು ಅರ್ಧ ದಿನದ್ದು. ನನ್ನದು ಎರಡು ವರ್ಷದ್ದು. ನಿನ್ನ ಬಾಯಿಂದ ಬಂದರೆ ನನ್ನದನ್ನೂ ಹೇಳಿಬಿಡುತ್ತೇನೆ ಅಂತ ಕಾಗದದಲ್ಲಿ ಕೇಳಿದೆ. ನಾನೇ ಮೊದಲು ಹೇಳುವಷ್ಟು ದೊಡ್ಡವನಾಗಿರಲಿಲ್ಲ."

ಇಷ್ಟು ಅವರದ್ದು. ಈ ಮನೇಲಿ ಕಣ್ಣಿರೋಳು ಅಂತ ನಾನೊಬ್ಬಳು. ನನಗೇ ಏನೂ ಕಂಡಿರಲಿಲ್ಲ. ಎರಡು ದಿನ ಅವರಿಗೆ ಊಟ ಹಾಕಿದೆ, ಮಾತಾಡಲಿಲ್ಲ.

ಬುಧವಾರ ವಾಚನಾಲಯಕ್ಕೆ ಕರಕೊಂಡು ಹೋದೆ. ಎಲ್ಲರ ಮುಂದೆ ನಿಂತು ಹೇಳಿದರು, ಕೆಟ್ಟ ಕುರ್ಚಿ ಅಂತ ಗೊತ್ತಿದ್ದೂ ಕಳಿಸಿದ್ದು ನಾನು ಅಂತ. ನಿನ್ನ ಹೆಸರು ಹೇಳಲಿಲ್ಲ. ನಾನು ಹೇಳೋಕೆ ಹೋದೆ, ಕೈ ಅದುಮಿದರು. ಬಿದ್ದಿದ್ದ ಯಜಮಾನರೂ ಅಲ್ಲೇ ಪೇಪರ್ ಓದ್ತಾ ಇದ್ದರು. ಮಣಿಕಟ್ಟು ಈಗಲೂ ಪೂರ್ತಿ ತಿರುಗಲ್ಲ. "ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತೇನ್ರಿ?" ಅಂದರು. ಇವರು "ಹೌದು" ಅಂದರು. ಯಜಮಾನರು ಪೇಪರ್ ಮುಖಕ್ಕೆ ಹಿಡಕೊಂಡರು.

ಹರಿದ ಎರಡು ಕುರ್ಚಿ ಅವರ ಮೆಟ್ಟಿಲ ಕೆಳಗೆ ಬಿದ್ದಿದ್ದವು. ಆಟೋಲಿ ಹಾಕಿಕೊಂಡು ಬಂದೆವು. ನಿನ್ನೆ ಬೆತ್ತ ನೆನೆಹಾಕು ಅಂದರು. ನಾನು ಕೇಳಿಸದ ಹಾಗೆ ನಿಂತಿದ್ದೆ, ಇನ್ನೊಂದು ಸಲ ಅನ್ನಲಿ ಅಂತ. ಅಂದರು. ಈಗ ಒಂದನ್ನ ಹೆಣೀತಿದ್ದಾರೆ. ಆ ಈಜಿಪ್ಟಿನ ಸ್ಟೂಲಿನ ಮೇಲೆ ಕೂತು. ಬೆರಳು ಮೊದಲಿನ ಹಾಗೇ ಓಡುತ್ತೆ.

ಇನ್ನೊಂದನ್ನ ಮುಟ್ಟೋಕೆ ಬಿಡ್ತಿಲ್ಲ. ಹಳೆ ಬೆತ್ತ ಕಿತ್ತು, ತೂತೆಲ್ಲ ಚೊಕ್ಕ ಮಾಡಿ ಗೋಡೆಗೆ ಒರಗಿಸಿದ್ದಾರೆ. ಅದು ನಿಸರ್ಗಾಳದ್ದು, ಅವಳೇ ಬಂದು ಹೆಣೀಬೇಕು, ಆಮೇಲೆ ನಾನು ಕೈಯಾಡಿಸಿ ನೋಡಬೇಕು, ತಪ್ಪಿದ್ದರೆ ಕತ್ತರಿ ಹಾಕ್ತೀನಿ ಅಂದಿದ್ದಾರೆ. ನೀನು ಬರೋದು ಈ ವರ್ಷವೋ ಮುಂದಿನ ವರ್ಷವೋ ನನಗೆ ಗೊತ್ತಿಲ್ಲ. ಚೌಕಟ್ಟು ಖಾಲಿ ಇರುತ್ತೆ.

ನನಗೆ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನ ಮುಚ್ಚಿಡೋದಿಲ್ಲ. ಬಂದಾಗ ಊಟ ಬಡಿಸ್ತೀನಿ. ಜಡೆ ಹಾಕೋದು ನೋಡೋಣ.

ಬೆತ್ತ ನೆನೆಯೋಕೆ ಅರ್ಧ ಗಂಟೆ ಸಾಕು. ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡು. ಬಾಯಿ ಕಟ್ಟಿದರೆ ಮಾತಾಡಬೇಡ, ಸುಮ್ಮನೆ ಹಿಡಕೊಂಡಿರು, ನೀನೇ ಅಂತ ನನಗೆ ಗೊತ್ತಾಗುತ್ತೆ. ನೀರಿಗೆ ಹಾಕಿರ್ತೀನಿ.

ಗೌರಮ್ಮ